ಒಂದು ಗೇಣು, ಎರಡು ಬೆರಳು

ಚಿಕ್ಕವನಿದ್ದಾಗ ನಾನೊಮ್ಮೆ ಇಡೀ ಒಂದು ಹಗಲನ್ನು ಹಡಗಿನ ಮೇಲೆ ಕಳೆದಿದ್ದೆ. ಮಕ್ಕಳೇ, ಈ ಕಥೆ ನಿಮಗಿಬ್ಬರಿಗೂ ಬಾಯಿಪಾಠ. ಸೌದಿಯ ಜುಬೈಲಿನ ಈ ಫ್ಲ್ಯಾಟಿನಲ್ಲಿ, ಹೊರಗೆ ಧೂಳಿನ ಗಾಳಿ ಎದ್ದು ಎಲ್ಲಿಗೂ ಹೋಗಲಾಗದ ಶುಕ್ರವಾರಗಳಲ್ಲಿ, ನೀವು ಅದನ್ನು ಎಷ್ಟು ಸಲ ಹೇಳಿಸಿದ್ದೀರೋ ನನಗೆ ನೆನಪಿಲ್ಲ. ಹಡಗಿನ ಅಡುಗೆಯವನು ನನಗೆ ಮೀನಿನ ತಲೆ ಬಡಿಸಿದ ಜಾಗಕ್ಕೆ ಬಂದಾಗ ನಾನು ನಿಲ್ಲಿಸುತ್ತಿದ್ದೆ. “ಆಮೇಲೆ ಎಂತ ಆಯ್ತು ಅಜ್ಜ?” ಎಂದು ನೀವು ಕೇಳುತ್ತಿದ್ದಿರಿ. “ಆಮೇಲೆ ಎಂತ? ಮನೆಗೆ ಬಂದೆ” ಎನ್ನುತ್ತಿದ್ದೆ.

ಊಟಕ್ಕೂ ಮನೆಗೂ ನಡುವೆ ಒಂದು ಸಂಜೆ ಇತ್ತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ನಿಮ್ಮ ಅಜ್ಜಿಗೂ ಹೇಳಲಿಲ್ಲ. ಅವಳು ತೀರಿಕೊಂಡು ನಾಲ್ಕು ವರ್ಷವಾಯಿತು. ಈಗ ನಿಮ್ಮ ಶಾಲೆಯಲ್ಲಿ ಅಜ್ಜನ ಬಾಲ್ಯದ ಒಂದು ದಿನವನ್ನು ಬರೆಸಿಕೊಂಡು ಬನ್ನಿ ಎಂದಿದ್ದಾರೆ. ಎರಡು ಸಲ ಮೀನಿನ ತಲೆಯವರೆಗೆ ಬರೆದು ಹಾಳೆ ಹರಿದು ಹಾಕಿದೆ. ಅರ್ಧ ಹೇಳಿ ಅರ್ಧ ಮುಚ್ಚಿಡುವುದಕ್ಕೂ ಶಕ್ತಿ ಬೇಕು. ಅದು ನನ್ನಲ್ಲಿ ಮುಗಿದಿದೆ. ಹಾಗಾಗಿ ಈ ಸಲ ಪೂರ್ತಿ ಬರೆಯುತ್ತೇನೆ. ಶಾಲೆಗೆ ಕೊಡಬೇಕೋ ಬೇಡವೋ ಆಮೇಲೆ ನೋಡಿ.

ನಮ್ಮ ಮನೆ ಇದ್ದದ್ದು ಮಂಗಳೂರು ಬಂದರಿನ ಎದುರು, ಹೊಳೆಯ ಆಚೆ ದಡದ ಬೆಂಗ್ರೆಯಲ್ಲಿ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಮರಳಿನ ಒಂದು ಉದ್ದ ಪಟ್ಟಿ. ಮನೆಯಲ್ಲಿ ನಾವು ಉಮ್ಮ ಎನ್ನುತ್ತಿದ್ದ ಅಮ್ಮ, ನಾನು, ನನಗಿಂತ ಆರು ವರ್ಷ ದೊಡ್ಡವಳಾದ ಅಕ್ಕ. ಅಪ್ಪನನ್ನು ನಾವು ಬಾಪಾ ಎಂದು ಕರೆಯುತ್ತಿದ್ದೆವು. ಅವರು ವರ್ಷದಲ್ಲಿ ಹತ್ತು ತಿಂಗಳು ಕಡಲಲ್ಲೇ ಇರುತ್ತಿದ್ದರು. ಬೊಂಬಾಯಿಯ ಒಂದು ಕಂಪನಿಯ ಸರಕು ಹಡಗಿನಲ್ಲಿ ಅವರು ಟಿಂಡಾಲ್, ಅಂದರೆ ಒಂದು ಗುಂಪು ಖಲಾಸಿಗಳಿಂದ ಕೆಲಸ ಮಾಡಿಸುವವರು. ಓದು ಬರಹ ಬರುತ್ತಿರಲಿಲ್ಲ. ಆದರೆ ಅವರ ಕಣ್ಣಿನ ಬಗ್ಗೆ ಬೆಂಗ್ರೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ದೂರದ ಕಡಲಿನಲ್ಲಿ ಹೊಗೆ ಕಂಡರೆ ಸಾಕು, ಯಾವ ಹಡಗು ಎಂದು ಹೇಳುತ್ತಿದ್ದರು. ಅಕ್ಕನ ಹೊಲಿಗೆಯಲ್ಲಿ ಒಂದು ಎಳೆ ತಪ್ಪಿದರೆ ಬಾಗಿಲಲ್ಲಿ ನಿಂತೇ ಕಂಡುಹಿಡಿಯುತ್ತಿದ್ದರು. “ಬಾಪನ ಕಣ್ಣಲ್ಲಿ ಸೂಜಿ ಉಂಟು” ಎಂದು ಅಕ್ಕ ಗೊಣಗುತ್ತಿದ್ದಳು.

ನನಗೆ ಒಂಬತ್ತು ವರ್ಷವಾಗಿದ್ದಾಗ, ಮಳೆಗಾಲ ಶುರುವಾಗುವ ಸ್ವಲ್ಪ ಮುಂಚೆ, ಅಪ್ಪನ ಹಡಗು ಇಲ್ಲಿಗೆ ಹತ್ತಿರದ ದಮ್ಮಾಮಿಗೆ ಹೆಂಚು ಒಯ್ಯಲು ನಮ್ಮ ಊರಿಗೇ ಬಂತು. ಆಗ ಈಗಿನ ಹೊಸ ಬಂದರು ಇರಲಿಲ್ಲ. ದೊಡ್ಡ ಹಡಗುಗಳು ಹೊಳೆಯೊಳಗೆ ಬರಲಾಗದೆ ಹೊರಗಡಲಿನಲ್ಲೇ ಲಂಗರು ಹಾಕುತ್ತಿದ್ದವು. ಸರಕನ್ನು ಮಂಜಿ ಎಂಬ ದೊಡ್ಡ ಮರದ ದೋಣಿಗಳಲ್ಲಿ ತುಂಬಿಸಿ ಅಲ್ಲಿಯವರೆಗೆ ಮುಟ್ಟಿಸಬೇಕಿತ್ತು. ಅಪ್ಪ ಒಂದು ರಾತ್ರಿಯ ಮಟ್ಟಿಗೆ ಮನೆಗೆ ಬಂದವರು, ಮರುದಿನ ನನ್ನನ್ನು ಹಡಗಿಗೆ ಕರೆದೊಯ್ಯಲು ಒಪ್ಪಿಗೆ ತಂದಿದ್ದರು. ಒಪ್ಪಿಗೆ ಕೊಟ್ಟವರು ಹಡಗಿನ ಮೇಟ್ ಸಾಹೇಬರು; ಕಪ್ತಾನನ ನಂತರ ಅವರದೇ ಮಾತು. “ಹುಡುಗ ಏನಾದರೂ ಮುಟ್ಟಿದರೆ ನಿನ್ನನ್ನು ಕೇಳುತ್ತೇನೆ” ಎಂದು ಹೇಳಿಯೇ ಒಪ್ಪಿದ್ದರಂತೆ. ಅಕ್ಕನಿಗೂ ಬರುವ ಆಸೆ ಇತ್ತು. ಹುಡುಗಿಯರನ್ನು ಯಾರೂ ಹಡಗು ಹತ್ತಿಸುತ್ತಿರಲಿಲ್ಲ. ಅವಳು ನನ್ನ ಅಂಗಿಯ ಗುಂಡಿ ಹಾಕುತ್ತಾ, “ಒಳಗೆ ಎಂತೆಂತ ಉಂಟೆಂದು ನೋಡಿ ಬಂದು ನನಗೆ ಒಂದೊಂದೇ ಹೇಳಬೇಕು. ಒಂದು ಬಿಟ್ಟರೂ ನಿನ್ನ ಕಿವಿ ಉಳಿಯುವುದಿಲ್ಲ” ಎಂದಳು.

ಬೆಳಕು ಹರಿಯುವ ಹೊತ್ತಿಗೆ ಮಂಜಿ ಹೊರಟಿತು. ಬೈಹುಲ್ಲಿನ ನಡುವೆ ಒಪ್ಪವಾಗಿ ನಿಲ್ಲಿಸಿದ ಹೆಂಚುಗಳು, ಅವುಗಳ ಕೆಂಪು ಧೂಳು, ಹಲಗೆಗಳಿಗೆ ಬಳಿದ ಮೀನೆಣ್ಣೆಯ ಘಾಟು. ಹೊಳೆ ಕಡಲನ್ನು ಸೇರುವ ಅಳಿವೆಯಲ್ಲಿ ದೋಣಿ ನಾಲ್ಕು ಸಲ ಎದ್ದು ಬಿತ್ತು. ನಾನು ಹಲಗೆ ಬಿಗಿಯಾಗಿ ಹಿಡಿದು ತಲೆ ಬಗ್ಗಿಸಿ ಕೂತೆ. ಆಮೇಲೆ ತಲೆ ಎತ್ತಿ ನೋಡಿದರೆ ಎದುರಿಗೆ ಕಬ್ಬಿಣದ ಒಂದು ಗೋಡೆ. ಅದರ ಮೈಮೇಲೆ ತುಕ್ಕು ಕಣ್ಣೀರಿನ ಹಾಗೆ ಉದ್ದಕ್ಕೆ ಇಳಿದಿತ್ತು. ಹಗ್ಗದ ಏಣಿಯಲ್ಲಿ ಅಪ್ಪ ನನ್ನನ್ನು ಮುಂದೆ ಹತ್ತಿಸಿ ತಾವು ಹಿಂದಿನಿಂದ ಹತ್ತಿದರು. ಅವರ ಎದೆ ನನ್ನ ಬೆನ್ನಿಗೆ ತಾಗುತ್ತಿತ್ತು. ಆ ಬಿಸಿ ಈಗಲೂ ನೆನಪಿದೆ.

“ಇದು ಹಡಗಲ್ಲ ಮಗಾ, ಪೆಟ್ಟಿಗೆ” ಎಂದರು ಅಪ್ಪ. ಹೇಳಿದ್ದು ಹೀಯಾಳಿಸುವ ಹಾಗೆ, ಮುಖದಲ್ಲಿದ್ದದ್ದು ಹೆಮ್ಮೆ. ಹಡಗಿನ ಹುಟ್ಟನ್ನು ಅವರು ಹಳೆಯ ಖಲಾಸಿಗಳಿಂದ ಕೇಳಿ ತಿಳಿದಿದ್ದರು. ದೊಡ್ಡ ಯುದ್ಧದ ಕಾಲದಲ್ಲಿ ಶತ್ರುಗಳು ನೀರಿನ ಅಡಿಯಿಂದ ಬಂದು ಸರಕು ಹಡಗುಗಳನ್ನು ಒಂದೊಂದಾಗಿ ಮುಳುಗಿಸುತ್ತಿದ್ದರಂತೆ. ಅವರು ಮುಳುಗಿಸುವುದಕ್ಕಿಂತ ಬೇಗ ನಾವು ಕಟ್ಟಬೇಕು ಎಂದು ಅಮೆರಿಕದವರು ಹಟ ಹಿಡಿದರು. ಮೂಗನ್ನು ಒಂದು ಕಡೆ, ಬಾಲವನ್ನು ಇನ್ನೊಂದು ಕಡೆ, ಹೊಟ್ಟೆಯನ್ನು ಮತ್ತೆಲ್ಲೋ ಮಾಡಿ, ಕ್ರೇನಿನಲ್ಲಿ ಎತ್ತಿ ತಂದು ಜೋಡಿಸಿದರು. ವರ್ಷಗಟ್ಟಲೆ ಹಿಡಿಯುವ ಕೆಲಸ ವಾರಗಳಲ್ಲಿ ಮುಗಿಯಿತು. ಹಿಂದಿನ ಹಡಗುಗಳಲ್ಲಿ ತಗಡಿಗೆ ತಗಡು ಸೇರಿಸಿ ರಿವೆಟ್ ಹೊಡೆಯುತ್ತಿದ್ದರು. ಇದರಲ್ಲಿ ಕಬ್ಬಿಣವನ್ನೇ ಕರಗಿಸಿ ಬೆಸುಗೆ ಹಾಕಿದರು. ಬೆಸುಗೆ ಹಾಕಿದವರಲ್ಲಿ ಕಡಲನ್ನೇ ನೋಡದ ಹೆಂಗಸರೂ ಇದ್ದರಂತೆ. ಒಂದು ಸಲ ಯುದ್ಧದ ಸಾಮಾನು ತಲುಪಿಸಿದರೆ ಸಾಕು, ಆಮೇಲೆ ಮುಳುಗಿದರೂ ಚಿಂತೆಯಿಲ್ಲ ಎಂದು ಕಟ್ಟಿದ ಹಡಗು ಅದು.

ಮುಳುಗಲಿಲ್ಲ. ಯುದ್ಧ ಮುಗಿದ ಮೇಲೆ ಅದನ್ನು ಮಾರಿದರು. ಕೊಂಡವರು ಮತ್ತೆ ಮಾರಿದರು. ಗೋಧಿ ಹೊತ್ತಿತು, ಕಲ್ಲಿದ್ದಲು ಹೊತ್ತಿತು, ಉಪ್ಪು, ಮರ, ಅಕ್ಕಿ ಎಲ್ಲ ಹೊತ್ತಿತು. ಅಪ್ಪನ ಕಂಪನಿ ಅದರ ನಾಲ್ಕನೆಯ ಯಜಮಾನ. ಮುಂಭಾಗದಲ್ಲಿ ಅಪ್ಪ ನನ್ನ ಕೈ ಹಿಡಿದು ಬಣ್ಣದ ಮೇಲೆ ಸವರಿಸಿದರು. ಹೊಸ ಹೆಸರಿನ ಅಡಿಯಲ್ಲಿ ಹಳೆಯ ಹೆಸರಿನ ಅಕ್ಷರಗಳು ಬೆರಳಿಗೆ ತಾಗಿದವು. ಕಟ್ಟಿದವರು ಅವನ್ನು ಬೆಸುಗೆಯಲ್ಲೇ ಬರೆದಿದ್ದರು. ಎಷ್ಟು ಬಣ್ಣ ಬಳಿದರೂ ಅವು ಚರ್ಮದ ಅಡಿಯ ನರಗಳ ಹಾಗೆ ಉಬ್ಬಿಕೊಂಡೇ ಇದ್ದವು. ಕೆಳಗೆ ಸರಕಿನ ಹೊಂಡದಲ್ಲಿ ಯುದ್ಧದ ಟ್ಯಾಂಕುಗಳನ್ನು ಕಟ್ಟಿಹಾಕಿದ್ದ ಕಬ್ಬಿಣದ ಬಳೆಗಳು ಇನ್ನೂ ಇದ್ದವು. ಹಿಂಭಾಗದಲ್ಲಿ ತೋಪು ಕೂರಿಸಿದ್ದ ದುಂಡನೆಯ ಕಟ್ಟೆಯಲ್ಲಿ ಈಗ ಕೋಳಿಗಳು ಕೆದಕುತ್ತಿದ್ದವು. ಯಂತ್ರದ ಕೋಣೆಯ ಬಾಗಿಲಲ್ಲಿ ನಿಂತಾಗ ಬಿಸಿ ಎಣ್ಣೆಯ ಗಾಳಿ ಮುಖಕ್ಕೆ ಒದ್ದೆ ಬಟ್ಟೆಯ ಹಾಗೆ ಹೊಡೆಯಿತು. ನಾನು ಎಲ್ಲವನ್ನೂ ಅಕ್ಕನಿಗಾಗಿ ಮನಸ್ಸಿನಲ್ಲಿ ಒಂದೊಂದೇ ಇಡುತ್ತಾ ಹೋದೆ.

ಹಡಗಿನ ನಡುಮಧ್ಯಕ್ಕೆ ಬಂದಾಗ ಅಪ್ಪ ಮಂಡಿಯೂರಿದರು. ಅಲ್ಲಿ ಸರಕು ಇಳಿಸುವ ದೊಡ್ಡ ಚೌಕದ ಬಾಯಿ ಇತ್ತು. ಅದರ ಒಂದು ಮೂಲೆಯಿಂದ ತಗಡಿನ ಮೇಲೆ ಕೂದಲಿನಷ್ಟು ಸಣ್ಣ ಒಂದು ಗೆರೆ ಹೊರಟಿತ್ತು. ತೋರಿಸದಿದ್ದರೆ ನನಗೆ ಕಾಣುತ್ತಲೇ ಇರಲಿಲ್ಲ. ಬಿರುಕು. ರಿವೆಟ್ ಹೊಡೆದ ಹಡಗಿನಲ್ಲಿ ಒಂದು ತಗಡು ಒಡೆದರೆ ಅದರ ಅಂಚಿನಲ್ಲಿ ಬಿರುಕು ನಿಲ್ಲುತ್ತದೆ, ಬೆಸುಗೆಯ ಹಡಗಿನಲ್ಲಿ ಎಲ್ಲವೂ ಒಂದೇ ತಗಡು, ಎಲ್ಲಿ ನಿಲ್ಲಬೇಕೆಂದು ಅದಕ್ಕೆ ಗೊತ್ತಾಗುವುದಿಲ್ಲ ಎಂದು ಅಪ್ಪ ಹೇಳಿದರು. ನಿಲ್ಲಿಸುವ ಉಪಾಯ ಒಂದಿತ್ತು. ಬಿರುಕಿನ ತುದಿಯಲ್ಲಿ ಒಂದು ದುಂಡು ತೂತು ಕೊರೆಯಬೇಕು. ಓಡುತ್ತಿರುವ ಬಿರುಕು ಆ ದುಂಡಿಗೆ ಬಂದು ದಾರಿ ತಪ್ಪಿ ನಿಲ್ಲುತ್ತದೆ. ಅದಕ್ಕೆ ದಡದಿಂದ ಫಿಟ್ಟರನನ್ನು ಕರೆಸಬೇಕು, ಒಂದು ದಿನ ಹೋಗುತ್ತದೆ. ಕಡಲು ಕೆಡುವ ಮೊದಲು ಹೊರಡಬೇಕೆಂದು ಮೇಟ್ ಸಾಹೇಬರಿಗೆ ಅವಸರ. ಕೊನೆಗೆ ಇಬ್ಬರ ನಡುವೆ ಒಂದು ಒಪ್ಪಂದವಾಗಿತ್ತು. ಹೆಂಚು ತುಂಬಿಸಿ ಮುಗಿಯುವ ಹೊತ್ತಿಗೆ ಬಿರುಕು ಬೆಳೆದಿದ್ದರೆ ಫಿಟ್ಟರನಿಗೆ ಹೇಳಿಕಳಿಸುವುದು. ಬೆಳೆಯದಿದ್ದರೆ ಸಂಜೆಯೇ ಲಂಗರು ಎತ್ತುವುದು.

ಅಪ್ಪ ಮೂಲೆಯಿಂದ ಬಿರುಕಿನ ತುದಿಯವರೆಗೆ ಕೈ ಅಗಲಿಸಿ ಅಳೆದರು. “ಒಂದು ಗೇಣು, ಎರಡು ಬೆರಳು. ಕೇಳಿದೆಯಾ? ನೀನೇ ಸಾಕ್ಷಿ.” ಆಮೇಲೆ ಸೀಮೆಸುಣ್ಣದಿಂದ ತುದಿಗೆ ಅಡ್ಡಲಾಗಿ ಒಂದು ಗೆರೆ ಎಳೆದರು.

“ಗೇಣು ಹಾಕಿ ಆಯ್ತಲ್ಲ ಬಾಪಾ, ಗೆರೆ ಎಂತಕ್ಕೆ?”

“ಗೇಣು ನನಗೆ. ಗೆರೆ ಸಾಹೇಬರಿಗೆ. ಖಲಾಸಿಯ ಕೈಯನ್ನು ಅವರು ನಂಬುವುದಿಲ್ಲ.”

ಉಳಿದ ಸೀಮೆಸುಣ್ಣವನ್ನು ನನ್ನ ಕೈಗೆ ಕೊಟ್ಟು ಅವರು ಮಂಜಿಗಳ ಕಡೆ ಹೋದರು.

ಮಧ್ಯಾಹ್ನ ಊಟ. ಹಡಗಿನ ಅಡುಗೆಯವನನ್ನು ಭಂಡಾರಿ ಎನ್ನುತ್ತಿದ್ದರು. ಮಲ್ಪೆ ಕಡೆಯವನು, ಹೊಟ್ಟೆ ದೊಡ್ಡದು, ದನಿ ಅದಕ್ಕಿಂತ ದೊಡ್ಡದು. “ಇದು ಟಿಂಡಾಲರ ಮಗನೋ ಇಲಿ ಮರಿಯೋ? ಗಾಳಿ ಬಂದರೆ ಕಡಲಿಗೆ ಹಾರ್ತಾನೆ ಮಾರಾಯ, ಕಾಲಿಗೊಂದು ಅಕ್ಕಿ ಮೂಟೆ ಕಟ್ಟಿ!” ಎಂದು ಎಲ್ಲರನ್ನೂ ನಗಿಸಿದ. ಕುಚಲಕ್ಕಿ ಅನ್ನದ ಮೇಲೆ ಕೆಂಪು ಸಾರು, ಅದರ ಮೇಲೆ ಒಂದು ದೊಡ್ಡ ಮೀನಿನ ತಲೆ. ತಲೆ ತಿಂದವನಿಗೆ ಬುದ್ಧಿ ಬರುತ್ತದೆ ಎಂದು ಹೇಳಿ ಬಡಿಸಿದ. ನಿಮಗೆ ಗೊತ್ತಿರುವುದು ಇಲ್ಲಿಯವರೆಗೆ.

ಊಟದ ಮೇಲೆ ನನಗೆ ಬೇಸರ ಬಂತು. ದೊಡ್ಡವರೆಲ್ಲ ಕೆಲಸದಲ್ಲಿದ್ದರು. ಸರಕಿನ ಬಾಯಿಯ ಹತ್ತಿರ ಬಿಸಿಲಿಗೆ ಒಂದು ದಪ್ಪ ಪರದೆ ಕಟ್ಟಿದ್ದರು. ಹಡಗಿನಲ್ಲಿ ಬರಿಗಾಲಿಡಬಹುದಾದ ನೆರಳು ಅದೊಂದೇ. ನನ್ನ ಜೇಬಿನಲ್ಲಿ ಸೀಮೆಸುಣ್ಣವಿತ್ತು. ಕಾಲ ಬಳಿ ಒಡೆದ ಹೆಂಚಿನ ಚೂರುಗಳಿದ್ದವು. ನಾನು ಆ ಕಬ್ಬಿಣದ ನೆಲದ ಮೇಲೆ ಕುಂಟೆಬಿಲ್ಲೆಯ ಮನೆಗಳನ್ನು ಬರೆದು, ಹೆಂಚಿನ ಚೂರನ್ನು ಎಸೆದು, ಒಂಟಿ ಕಾಲಿನಲ್ಲಿ ಕುಪ್ಪಳಿಸತೊಡಗಿದೆ. ಅಕ್ಕ ಕಲಿಸಿದ ಆಟ. ಬೆಂಗ್ರೆಯ ಮರಳಿನಲ್ಲಿ ಗೆರೆ ನಿಲ್ಲುತ್ತಿರಲಿಲ್ಲ; ಇಲ್ಲಿ ಎಷ್ಟು ಚೆನ್ನಾಗಿ ನಿಂತಿತ್ತು! ನಾಲ್ಕನೆಯ ಮನೆಯಲ್ಲಿದ್ದಾಗ ಕಾಲಡಿಯಲ್ಲಿ ‘ಟಣ್’ ಎಂದಿತು. ಸುತ್ತಿಗೆಯ ಸದ್ದಿನ ಹಾಗೆ. ಸದ್ದು ಕಿವಿಗಿಂತ ಮೊದಲು ಪಾದಕ್ಕೆ ಬಂತು. ಕೆಳಗೆ ಯಾರೋ ಏನೋ ಬೀಳಿಸಿದರು ಎಂದುಕೊಂಡು ಆಟ ಮುಂದುವರಿಸಿದೆ.

ಸ್ವಲ್ಪ ಹೊತ್ತಿಗೆ ಮೇಲಿನಿಂದ ಮೇಟ್ ಸಾಹೇಬರು ಹಿಂದಿಯಲ್ಲಿ ಕೂಗಿದರು. ಮಾತು ಅರ್ಥವಾಗಲಿಲ್ಲ, ಸಿಟ್ಟು ಅರ್ಥವಾಯಿತು. ಭಂಡಾರಿ ಒಂದು ಬಾಲ್ದಿ ನೀರು, ಒಂದು ಗೋಣಿಯ ತುಂಡು ಹಿಡಿದು ಓಡಿ ಬಂದ. “ಉಜ್ಜು, ಬೇಗ ಉಜ್ಜು ಮಾರಾಯ! ನಿನ್ನ ಬಾಪನಿಗೆ ಬೈಗುಳ ತಿನ್ನಿಸಬೇಡ” ಎಂದು ಹೇಳಿ ಒಲೆಯ ಕಡೆ ಓಡಿದ. ನಾನು ಕುಕ್ಕುರುಗಾಲಿನಲ್ಲಿ ಕೂತು ಎರಡೂ ಕೈಯಿಂದ ಉಜ್ಜಿದೆ. ಎಲ್ಲ ಮನೆಗಳೂ ಹೋದವು. ನೆಲ ಆರಿದ ಮೇಲೆ ನೋಡಿದರೆ ಅಪ್ಪನ ಗೆರೆಯೂ ಹೋಗಿತ್ತು.

ಬಿರುಕು ಮಾತ್ರ ಇತ್ತು. ಒದ್ದೆ ಮಾಡಿದ್ದರಿಂದ ಈಗ ಕಪ್ಪಾಗಿ ಚೆನ್ನಾಗಿಯೇ ಕಾಣುತ್ತಿತ್ತು. ಬೆಳಿಗ್ಗೆ ಅದರ ತುದಿ ತಗಡಿನ ಮೇಲಿದ್ದ ಒಂದು ಸಣ್ಣ ತಗ್ಗಿನ ಈಚೆಗಿತ್ತು. ಈಗ ತಗ್ಗನ್ನು ದಾಟಿ ಹೋಗಿತ್ತು. ಅಪ್ಪನ ಗೆರೆ ಸರಿಯಾಗಿ ಎಲ್ಲಿತ್ತೆಂದು ನನಗೆ ಗೊತ್ತಿರಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ. ಗೊತ್ತಿತ್ತು. ಗೆರೆ ಯಾವಾಗಲೂ ಬಿರುಕಿನ ತುದಿಯಲ್ಲಿರಬೇಕು, ಅಪ್ಪ ಬಂದಾಗ ಹಾಗೆಯೇ ಕಾಣಬೇಕು ಎಂಬುದೊಂದೇ ನನ್ನ ತಲೆಯಲ್ಲಿತ್ತು. ತಗ್ಗಿನ ಆಚೆ, ಹೊಸ ತುದಿಯಲ್ಲಿ, ಅಪ್ಪ ಎಳೆದ ಹಾಗೆಯೇ ಒಂದು ಅಡ್ಡಗೆರೆ ಎಳೆದೆ. ಉಳಿದ ಸೀಮೆಸುಣ್ಣವನ್ನು ಕಡಲಿಗೆ ಎಸೆದೆ.

ಸೂರ್ಯ ನೀರಿಗೆ ಹತ್ತಿರವಾದಾಗ ಕೊನೆಯ ಮಂಜಿ ಖಾಲಿಯಾಯಿತು. ಅಪ್ಪ, ಮೇಟ್ ಸಾಹೇಬರು ಇಬ್ಬರೂ ಬಂದರು. ಸಾಹೇಬರು ನಿಂತಲ್ಲಿಂದಲೇ ಬಗ್ಗಿ ನೋಡಿದರು. ಬಿರುಕು ಗೆರೆಯನ್ನು ದಾಟಿರಲಿಲ್ಲ. “ಟಿಂಡಾಲ್, ನಿನ್ನ ಬಿರುಕು ನಿನ್ನ ಖಲಾಸಿಗಳಿಗಿಂತ ಸೋಮಾರಿ” ಎಂದು ಹಿಂದಿಯಲ್ಲಿ ಹೇಳಿ ನಕ್ಕರು; ಅರ್ಥ ನನಗೆ ಆಮೇಲೆ ಗೊತ್ತಾಯಿತು. ಅಪ್ಪ ನಗಲಿಲ್ಲ. ಮಂಡಿಯೂರಿ ಗೇಣು ಹಾಕಿದರು. ಬೆರಳು ಒಂದು, ಎರಡು, ಮೂರು, ನಾಲ್ಕು. ಕೈ ತೆಗೆದು ಮತ್ತೊಮ್ಮೆ ಹಾಕಿದರು. ಮತ್ತೆ ನಾಲ್ಕು. ಹೆಂಚಿನ ಧೂಳಿನಿಂದ ಅವರ ಕೈ ಮೊಣಕೈವರೆಗೆ ಕೆಂಪಾಗಿತ್ತು. ಅವರು ತಲೆ ಎತ್ತಿ ನನ್ನನ್ನು ನೋಡಿದರು.

“ಮಗಾ, ಬೆಳಿಗ್ಗೆ ನಾನು ಎಷ್ಟು ಹೇಳಿದೆ?”

ಮೇಟ್ ಸಾಹೇಬರು ಗಡಿಯಾರ ನೋಡುತ್ತಿದ್ದರು. ಅಳಿಸಿದೆ ಎಂದು ಹೇಳಿದರೆ ಅವರ ಎದುರು ಅಪ್ಪನ ತಲೆ ತಗ್ಗುತ್ತದೆ, ಇನ್ನು ನನ್ನನ್ನು ಯಾವತ್ತೂ ಹಡಗಿಗೆ ಕರೆತರುವುದಿಲ್ಲ ಎಂದು ಹೆದರಿದೆ. ಅದಕ್ಕಿಂತ ದೊಡ್ಡದು ಯಾವುದೂ ಆಗ ನನಗೆ ಕಾಣಲಿಲ್ಲ.

“ನಾಲ್ಕು ಬೆರಳು, ಬಾಪಾ.”

“ನಾಲ್ಕಾ? ಎರಡು ಅನ್ನಲಿಲ್ವಾ ನಾನು?”

“ಇಲ್ಲ. ನಾಲ್ಕು.”

ಅಪ್ಪ ತಮ್ಮ ಬೆರಳುಗಳನ್ನು ಸ್ವಲ್ಪ ಹೊತ್ತು ನೋಡಿದರು. ಬೇರೆ ಯಾರದೋ ಕೈ ನೋಡುವ ಹಾಗೆ. ಆಮೇಲೆ ಎದ್ದು, “ಸರಿ ಸಾಹೇಬರೇ, ಹಾಗೇ ಉಂಟು” ಎಂದರು.

ಲಂಗರು ಎತ್ತುವ ಸರಪಳಿಯ ಸದ್ದು ಶುರುವಾದಾಗ ನನ್ನನ್ನು ಖಾಲಿ ಮಂಜಿಗೆ ಇಳಿಸಿದರು. ನಾನು ಅಳುತ್ತಿದ್ದೆ. ಕೂಗಿ ಹೇಳಬಹುದಿತ್ತು, ಹಡಗು ಇನ್ನೂ ಕೂಗಳತೆಯಲ್ಲೇ ಇತ್ತು. ಅಪ್ಪ ಕಟಕಟೆಗೆ ಒರಗಿ ಕೈ ಬೀಸುತ್ತಿದ್ದರು. ಅಪ್ಪ ಹೋಗುತ್ತಾರೆಂದು ಅಳುತ್ತಾನೆ ಎಂದುಕೊಂಡ ಮಂಜಿಯವರು ನನಗೆ ಒಂದು ತುಂಡು ಬೆಲ್ಲ ಕೊಟ್ಟರು. ನಾನು ಅದನ್ನು ತಿಂದೆ. ಮನೆಯಲ್ಲಿ ಅಕ್ಕನಿಗೆ ಎಲ್ಲವನ್ನೂ ಒಂದೊಂದೇ ಹೇಳಿದೆ. ಹಳೆಯ ಹೆಸರು, ಕೋಳಿಗಳು, ಟ್ಯಾಂಕಿನ ಬಳೆಗಳು, ಮೀನಿನ ತಲೆ. ಅಲ್ಲಿಗೆ ನಿಲ್ಲಿಸಿದೆ. ನಿಲ್ಲಿಸುವ ಅಭ್ಯಾಸ ಶುರುವಾದದ್ದು ಅಂದೇ.

ಮುಂದಿನದು ನಾನು ಕಂಡದ್ದಲ್ಲ, ಅಪ್ಪನ ಬಾಯಿಂದ ಕೇಳಿದ್ದು. ಹಡಗು ಹೊರಟ ಕೆಲವು ದಿನಗಳಲ್ಲಿ, ಅಲೆಗಳು ದೊಡ್ಡದಾದ ಒಂದು ಸಂಜೆ, ತೋಪು ಹಾರಿಸಿದಂಥ ಸದ್ದಾಯಿತಂತೆ. ಸರಕಿನ ಬಾಯಿಯ ಮೂಲೆಯಿಂದ ಹಡಗಿನ ಅಂಚಿನವರೆಗೆ ತಗಡು ಒಂದೇ ಸಲಕ್ಕೆ ಸೀಳಿಹೋಯಿತು. ಹಡಗು ನಡುಗಿದ ಹೊಡೆತಕ್ಕೆ ಒಲೆಯ ಮೇಲಿದ್ದ ಕುದಿಯುವ ಅನ್ನದ ಹಂಡೆ ಭಂಡಾರಿಯ ಎರಡೂ ಕಾಲುಗಳ ಮೇಲೆ ಬಿತ್ತು. ಸೀಳಿನ ಎರಡೂ ಕಡೆಗೆ ಉಕ್ಕಿನ ಹಗ್ಗ ಬಿಗಿದು, ಹೊಲಿದ ಹಾಗೆ ಹಿಡಿದು ನಿಲ್ಲಿಸಿ, ನಮ್ಮ ಊರಿನ ಹೆಂಚುಗಳನ್ನು ಮೂರು ಹಗಲು ಕಡಲಿಗೆ ಎಸೆದರು. ಹೇಗೋ ತೆವಳುತ್ತಾ ಬಂದು ದಮ್ಮಾಮಿನ ಸಮೀಪ ಆಳವಿಲ್ಲದ ಮರಳಿನ ಮೇಲೆ ಹಡಗನ್ನು ಕೂರಿಸಿದರು. ಅದು ಮತ್ತೆ ಏಳಲಿಲ್ಲ. ಗುಜರಿಯವರು ಅಲ್ಲೇ ಕತ್ತರಿಸಿದರಂತೆ. ಯುದ್ಧಕ್ಕೂ ಮುಳುಗಿಸಲಾಗದ ಹಡಗು ಅದು.

ಸತ್ತವರು ಯಾರೂ ಇಲ್ಲ. ಆದರೆ ಭಂಡಾರಿ ಮತ್ತೆ ಕಡಲಿಗೆ ಹೋಗಲಿಲ್ಲ; ಎರಡು ಕೋಲು ಹಿಡಿದು ನಡೆಯುವ ಹಾಗಾಯಿತು ಎಂದು ಕೇಳಿದೆ. ಮೇಟ್ ಸಾಹೇಬರು ತಮ್ಮ ವರದಿಯಲ್ಲಿ, ಬಿರುಕು ಬೆಳೆದಿಲ್ಲವೆಂದು ಟಿಂಡಾಲನೇ ನೋಡಿ ಹೇಳಿದ್ದ ಎಂದು ಬರೆದರು. ಅದು ನಿಜವೇ. ಅಪ್ಪನಿಗೆ ಮತ್ತೆ ಯಾವ ಹಡಗಿನಲ್ಲೂ ಕೆಲಸ ಸಿಗಲಿಲ್ಲ. ಹೊಳೆ ದಾಟಿಸುವ ದೋಣಿಯಲ್ಲಿ ಹುಟ್ಟು ಹಾಕಿಕೊಂಡಿದ್ದರು. ಅವರು ನನ್ನನ್ನು ಏನೂ ಕೇಳಲಿಲ್ಲ, ನನ್ನ ಮೇಲೆ ಒಂದು ದಿನವೂ ಸಂಶಯಪಡಲಿಲ್ಲ. ಸಂಶಯಪಟ್ಟದ್ದು ತಮ್ಮ ಮೇಲೆ. ಮೀನು ತಂದರೆ, “ತಾಜಾ ಉಂಟಾ ನೋಡು, ನನ್ನ ಕಣ್ಣು ನಂಬಬೇಡ” ಎಂದು ಉಮ್ಮನಿಗೆ ಹೇಳುತ್ತಿದ್ದರು. ಬಾಗಿಲಿಗೆ ಚಿಲಕ ಹಾಕಿ ಬಂದು ಮತ್ತೆ ಹೋಗಿ ನೋಡುತ್ತಿದ್ದರು. ಕಡಲಿನಲ್ಲಿ ಹೊಗೆ ಕಂಡು ಯಾರಾದರೂ ಯಾವ ಹಡಗು ಎಂದು ಕೇಳಿದರೆ, “ಹತ್ತಿರ ಬರಲಿ, ಗೊತ್ತಾಗ್ತದೆ” ಎನ್ನುತ್ತಿದ್ದರು.

ನಾನು ಹೈಸ್ಕೂಲು ಮುಗಿಸಿದೆ. ಈ ಜುಬೈಲು ಬರಿಯ ಮರಳೂ ಕ್ರೇನುಗಳೂ ಆಗಿದ್ದ ಕಾಲದಲ್ಲಿ ಇಲ್ಲಿಗೆ ಬಂದು ಸ್ಟೋರಿನಲ್ಲಿ ಕೆಲಸ ಹಿಡಿದೆ. ಕ್ಯಾಂಪಿನಲ್ಲಿ ಒಂದು ಕೋಣೆಗೆ ಆರು ಜನ. ಮೊದಲ ವರ್ಷ ಒಂದು ರಜಾದಿನ ದಮ್ಮಾಮಿಗೆ ಹೋಗಿ ಕಡಲ ದಂಡೆಯಲ್ಲಿ ಮುದುಕ ಮೀನುಗಾರರನ್ನು ಆ ಹಡಗಿನ ಬಗ್ಗೆ ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ಒಬ್ಬ ಕೈ ಚಾಚಿ ಸುಮ್ಮನೆ ನೀರನ್ನು ತೋರಿಸಿದ. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಊರಿಗೆ ಹೋಗುವಾಗ ಈ ಸಲ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಹೋದರೆ ಅಪ್ಪ ನನ್ನ ಎದುರು ಹಿರಿಯರೊಬ್ಬರ ಎದುರು ಕೂತ ಹಾಗೆ ಕೂರುತ್ತಿದ್ದರು. ಮನೆಯ ಎಲ್ಲದಕ್ಕೂ, “ಅವನು ನೋಡಿ ಹೇಳಲಿ” ಎನ್ನುತ್ತಿದ್ದರು. ಅವರಿಗೆ ತಮ್ಮ ಕಣ್ಣಿಗಿಂತ ನನ್ನ ಕಣ್ಣಿನ ಮೇಲೆ ನಂಬಿಕೆ. ಅಷ್ಟು ನಂಬಿದವರಿಗೆ ಹೇಗೆ ಹೇಳುವುದು ಎಂದು ಸುಮ್ಮನಾಗುತ್ತಿದ್ದೆ. ಅವರು ತೀರಿಕೊಂಡ ಸುದ್ದಿ ಬಂದಾಗ ನನ್ನ ಪಾಸ್‌ಪೋರ್ಟ್ ಕಫೀಲನ, ಅಂದರೆ ನನ್ನನ್ನು ಕೆಲಸಕ್ಕೆ ಕರೆಸಿಕೊಂಡ ಇಲ್ಲಿನ ಯಜಮಾನನ, ಕೈಯಲ್ಲಿತ್ತು. ನಾನು ಊರು ಮುಟ್ಟಿದಾಗ ಮಣ್ಣು ಮಾಡಿ ನಾಲ್ಕು ದಿನವಾಗಿತ್ತು.

ಕಳೆದ ವಾರ, ಈ ಹಾಳೆಗಳನ್ನು ಎರಡನೆಯ ಸಲ ಹರಿದ ಮೇಲೆ, ಬೆಂಗ್ರೆಗೆ ಫೋನ್ ಮಾಡಿದೆ. ಅಕ್ಕನಿಗೆ ಈಗ ಎಂಬತ್ತು ದಾಟಿದೆ. ಮೊಮ್ಮಗಳು ಹಿಡಿದುಕೊಂಡಿದ್ದ ಫೋನಿನಲ್ಲಿ ಅವಳ ಅರ್ಧ ಮುಖ ಮಾತ್ರ ಕಾಣುತ್ತಿತ್ತು. ಎಲ್ಲ ಹೇಳಿದೆ. ಗೆರೆ, ಗೋಣಿ, ನಾಲ್ಕು ಬೆರಳು. ಅವಳು, “ಬಾಪ ಮೂರು ಸಲ ಕನ್ನಡಕ ಮಾಡಿಸಿದ್ರು, ಗೊತ್ತುಂಟಾ ನಿನಗೆ?” ಎಂದಳು. “ಕಣ್ಣಿಗೆ ಎಂತದೂ ಆಗ್ಲಿಲ್ಲ ಅಂತ ಡಾಕ್ಟರು ಮೂರು ಸಲವೂ ಹೇಳಿದ್ರು. ಇವರು ನಂಬ್ಲಿಲ್ಲ.”

ಒಂದು ಕನ್ನಡಕದ ಫ್ರೇಮು ನಾನೇ ಇಲ್ಲಿಂದ ಕಳಿಸಿದ್ದೆ. ಚಿನ್ನದ ಬಣ್ಣದ್ದು.

“ಅಂದು ಹೇಳಿದ್ರೆ ಎರಡು ಪೆಟ್ಟು ಕೊಡ್ತಿದ್ರು” ಎಂದಳು ಅಕ್ಕ. “ಅಷ್ಟೇ ಅಲ್ವಾ?” ನಾನು ಹೌದು ಎಂದೆ. ನಮಾಜಿಗೆ ಹೊತ್ತಾಯಿತು ಎಂದು ಅವಳು ಫೋನ್ ಇಟ್ಟಳು. ಆಮೇಲೆ ಅವಳು ಕರೆ ಮಾಡಿಲ್ಲ.

ಮಕ್ಕಳೇ, ನಿಮ್ಮ ಅಪ್ಪ ಇಲ್ಲಿ ಕೊಳವೆಗಳ ಬೆಸುಗೆ ಪರೀಕ್ಷಿಸುವ ಕೆಲಸ ಮಾಡುತ್ತಾನೆ. ಬೆಸುಗೆಯ ಮೇಲೆ ಕೆಂಪು ದ್ರವ ಹಚ್ಚಿ, ಒರೆಸಿ, ಬಿಳಿಯ ಪುಡಿ ಸಿಂಪಡಿಸುತ್ತಾರೆ. ಕಣ್ಣಿಗೆ ಕಾಣದ ಬಿರುಕು ಇದ್ದರೂ ಅದರೊಳಗೆ ಇಳಿದ ಕೆಂಪು ಮೇಲೆ ಬಂದು ತೋರಿಸಿಬಿಡುತ್ತದೆ. “ನನ್ನ ಅಜ್ಜನ ಹಡಗಿನ ಕಥೆ ಕೇಳಿಯೇ ಈ ಕೆಲಸಕ್ಕೆ ಬಂದೆ” ಎಂದು ಅವನು ಸ್ನೇಹಿತರಿಗೆ ಹೇಳುವುದನ್ನು ನೀವೂ ಕೇಳಿದ್ದೀರಿ. ಅವನಿಗೂ ನಾನು ಊಟದವರೆಗೆ ಮಾತ್ರ ಹೇಳಿದ್ದೆ. ಮೊನ್ನೆ ಅವನು ಕೆಲಸದಿಂದ ಬಂದು ಬೂಟು ಬಿಚ್ಚುತ್ತಿದ್ದಾಗ, “ನಿಮ್ಮ ಕೆಲಸದಲ್ಲಿ ಯಾರಾದರೂ ಗುರುತು ಅಳಿಸಿ ಬೇರೆ ಕಡೆ ಹಾಕಿದರೆ ಏನಾಗುತ್ತದೆ?” ಎಂದು ಕೇಳಿದೆ. “ಎಂತದೂ ಆಗೋದಿಲ್ಲ. ಫೋಟೋ ಇರ್ತದೆ, ರಿಪೋರ್ಟ್ ಇರ್ತದೆ, ಮತ್ತೊಬ್ಬ ಬಂದು ಪುನಃ ನೋಡ್ತಾನೆ. ಒಬ್ಬನ ಮಾತಿನ ಮೇಲೆ ಯಾರು ಬಿಡ್ತಾರೆ?” ಎಂದ. ಒಳ್ಳೆಯದು. ನಮ್ಮ ಕಾಲದಲ್ಲಿ ಅಷ್ಟು ದೊಡ್ಡ ಹಡಗು, ಅದರ ಮೇಲಿದ್ದ ಅಷ್ಟೂ ಜನ, ಒಬ್ಬನ ಮಾತಿನ ಮೇಲೆ ಹೊರಟಿದ್ದರು. ಆ ಒಬ್ಬ ತನ್ನ ಮಗನ ಮಾತು ನಂಬಿದ್ದ.

ನಿಮ್ಮ ಲೋಕ ಬೇರೆ. ನೀವು ಬಿದ್ದ ಹಲ್ಲಿಗೂ ಫೋಟೋ ಇದೆ, ಶಾಲೆಯ ಬಸ್ಸು ಯಾವ ತಿರುವಿನಲ್ಲಿದೆ ಎಂದು ನಿಮ್ಮ ಅಮ್ಮನ ಫೋನಿನಲ್ಲಿ ಕಾಣುತ್ತದೆ. ಮೊನ್ನೆ ನಿಮ್ಮಲ್ಲಿ ಚಿಕ್ಕವನು ಟೀವಿಯ ಗಾಜು ಒಡೆದು, ಯಾರೂ ಕೇಳುವ ಮೊದಲೇ ಅಪ್ಪನ ಎದುರು ಹೋಗಿ ನಿಂತಿದ್ದನ್ನು ನಾನು ಕುರ್ಚಿಯಿಂದ ನೋಡಿದೆ. ಬೈಗುಳ ಬೀಳುತ್ತದೆಂದು ಅವನಿಗೆ ಗೊತ್ತಿತ್ತು. ಆದರೂ ನಿಂತಿದ್ದ. ಎಪ್ಪತ್ತು ದಾಟಿದ ನನಗೆ ಅದನ್ನು ನೋಡಿ ನಾಚಿಕೆಯಾಯಿತು.

ನಿಮಗೆ ಇಂಗ್ಲಿಷ್ ಸಲೀಸು, ಕನ್ನಡ ತಡವರಿಸುತ್ತದೆ. ಪರವಾಗಿಲ್ಲ, ನಿಧಾನವಾಗಿ ಓದಿ. ಇಂದು ನಿಮ್ಮ ಅಪ್ಪ ಕೆಲಸದಿಂದ ಬಂದು ಚಹಾ ಕುಡಿದ ಮೇಲೆ, ದೊಡ್ಡವಳು ಇದನ್ನು ಅವನ ಎದುರು ಜೋರಾಗಿ ಓದಲಿ. ಶುರುವಿನಿಂದ ಕೊನೆಯವರೆಗೆ, ಒಂದು ಸಾಲನ್ನೂ ಬಿಡಬೇಡ ಮಗಳೇ. ನಾನು ಅಲ್ಲೇ ಸೋಫಾದಲ್ಲಿ ಕೂತಿರುತ್ತೇನೆ. ಅವನು ನನ್ನ ಮುಖ ನೋಡಿದರೂ ನಾನು ಎದ್ದು ಒಳಗೆ ಹೋಗುವುದಿಲ್ಲ.